ಕಿಲೋ ಲೆಕ್ಕದ ಊಟ

ಕಚೇರಿಯ ಕೆಲಸದ ಮೇಲೆ ಬ್ರೆಜಿಲಿನ ಸಾವೊ ಪಾವ್ಲೊ ನಗರದಲ್ಲಿ ಮೂರು ವಾರ ಉಳಿದಿದ್ದಾಗ, ಪೋರ್ಚುಗೀಸ್ ಬಾರದ ನನಗೆ ದಿನವೂ ಕಷ್ಟವಾಗಿದ್ದುದು ಮಧ್ಯಾಹ್ನದ ಊಟ. ಮೆನುವಿನಲ್ಲಿದ್ದ ಹೆಸರುಗಳನ್ನು ಓದಿದರೂ ಅವು ಸೊಪ್ಪೋ ಮಾಂಸವೋ ತಿಳಿಯದೆ, ಮೊದಲ ಕೆಲವು ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲೇ ಹೊಟ್ಟೆ ತುಂಬಿಸಿಕೊಂಡೆ. ಅದನ್ನು ಗಮನಿಸಿದ ಸಹೋದ್ಯೋಗಿಯೊಬ್ಬರು ಒಂದು ಬುಧವಾರ ನನ್ನನ್ನು ಲಿಬರ್ದಾಜಿ ಬಡಾವಣೆಯ ಸಣ್ಣ ಹೋಟೆಲಿಗೆ ಕರೆದೊಯ್ದರು. ಜಪಾನಿನಿಂದ ವಲಸೆ ಬಂದವರು ಕಟ್ಟಿ ಬೆಳೆಸಿದ ಆ ಬಡಾವಣೆಯಲ್ಲಿ ಈಗ ಚೀನೀಯರ ಅಂಗಡಿಗಳೂ ಬಹಳ; ಈ ಹೋಟೆಲನ್ನು ನಡೆಸುತ್ತಿದ್ದುದು ಒಂದು ಚೀನೀ ಕುಟುಂಬ.

ಅಲ್ಲಿನ ಪದ್ಧತಿಗೆ ‘ಪೋರ್ ಕಿಲೋ’ ಎನ್ನುತ್ತಾರೆ. ಬಾಗಿಲಲ್ಲಿ ಒಂದು ಚೀಟಿ ಕೊಡುತ್ತಾರೆ. ನಾವೇ ತಟ್ಟೆ ಹಿಡಿದು ಬೇಕಾದದ್ದನ್ನು ಬಡಿಸಿಕೊಂಡು ಕೊನೆಯಲ್ಲಿರುವ ತಕ್ಕಡಿಯ ಮೇಲಿಟ್ಟರೆ, ತಟ್ಟೆಯ ಭಾರ ಕಳೆದು ಉಳಿದಷ್ಟಕ್ಕೆ ಮಾತ್ರ ಬೆಲೆ. ಅನ್ನಕ್ಕೂ ಕೋಳಿಗೂ ಒಂದೇ ದರ. ಇದಕ್ಕಿಂತ ನ್ಯಾಯವಾದ ವ್ಯವಸ್ಥೆಯನ್ನು ನಾನು ಬೇರೆ ಯಾವ ಹೋಟೆಲಿನಲ್ಲೂ ಕಂಡಿಲ್ಲ, ಏಕೆಂದರೆ ಅಲ್ಲಿ ಭಾಷೆ ಬಾರದವನಿಗೂ ಕಣ್ಣಿದ್ದರೆ ಸಾಕು.

ಬುಧವಾರ ಮತ್ತು ಶನಿವಾರ ಆ ನಗರದಲ್ಲಿ ಫೇಜೊವಾಡದ ದಿನ. ಹಂದಿಮಾಂಸದೊಡನೆ ನಿಧಾನವಾಗಿ ಬೇಯಿಸಿದ ಕಪ್ಪು ಬೀನ್ಸ್ ಕಾಳಿನ ಆ ಖಾದ್ಯ ಮಣ್ಣಿನ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ನಾನು ಹಂದಿಮಾಂಸ ತಿನ್ನುವುದಿಲ್ಲವೆಂದು ತಿಳಿದಿದ್ದ ಸಹೋದ್ಯೋಗಿ, ಪಕ್ಕದಲ್ಲಿದ್ದ ಬರಿಯ ಕಾಳಿನ ಪಾತ್ರೆಯನ್ನು ತೋರಿಸಿದರು. ಬೆಳ್ಳುಳ್ಳಿಯ ಒಗ್ಗರಣೆಯಲ್ಲಿ ಬೆಂದ ಬಿಳಿ ಅನ್ನ, ದಾರದಷ್ಟು ಸಣ್ಣಗೆ ಹೆಚ್ಚಿ ಬಾಡಿಸಿದ, ಎಲೆಕೋಸಿನ ಜಾತಿಯ ‘ಕೋವಿ’ ಸೊಪ್ಪು, ಕಿತ್ತಳೆಯ ಹೋಳು, ಮರಗೆಣಸಿನ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದ ಫರೋಫ. ಅದೇ ಸಾಲಿನಲ್ಲಿ, ನಡುವೆ ಒಂದು ಗೆರೆಯೂ ಇಲ್ಲದಂತೆ, ತರಕಾರಿ ಬೆರೆಸಿದ ನೂಡಲ್ಸ್, ಸ್ಪ್ರಿಂಗ್ ರೋಲ್, ಆಮೇಲೆ ‘ಫ್ರಾಂಗು ಶಡ್ರೇಸ್’.

ಈ ಕೊನೆಯದರ ಬಗ್ಗೆ ಎರಡು ಮಾತು ಹೇಳಲೇಬೇಕು. ಚೌಕವಾಗಿ ಕತ್ತರಿಸಿದ ಕೋಳಿ, ದೊಣ್ಣೆಮೆಣಸಿನಕಾಯಿ, ಈರುಳ್ಳಿ, ಶೇಂಗಾ, ಸೋಯಾ ಸಾಸ್: ಚೀನದ ಕುಂಗ್ ಪಾವ್ ಕೋಳಿ ಬ್ರೆಜಿಲಿನಲ್ಲಿ ಖಾರ ಕಳೆದುಕೊಂಡು ತಾಳಿದ ರೂಪವಿದು. ಶಡ್ರೇಸ್ ಎಂದರೆ ಚದುರಂಗ. ಅರಬ್ಬರ ಮೂಲಕ ಪೋರ್ಚುಗೀಸಿಗೆ ಹೋದ ಆ ಪದದ ಮೂಲವೂ ನಮ್ಮ ‘ಚತುರಂಗ’ವೇ. ಇನ್ನು ಶೇಂಗಾ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಚೀನಕ್ಕೆ ಹೋಗಿ ಅಲ್ಲಿನ ಬಾಣಲೆಯಲ್ಲಿ ಹುರಿಸಿಕೊಂಡು ಮತ್ತೆ ತನ್ನ ಖಂಡಕ್ಕೇ ಮರಳಿದೆ.

ನನ್ನ ತಟ್ಟೆ 540 ಗ್ರಾಂ ತೂಗಿತು. ಕಾಳಿನ ಕಪ್ಪು ರಸ ಅನ್ನವನ್ನು ದಾಟಿ ನೂಡಲ್ಸಿನ ಕಡೆಗೆ ಹರಿಯುತ್ತಿದ್ದಾಗ ಮೊದಲು ಚಮಚದಿಂದ ತಡೆದೆ, ಆಮೇಲೆ ಬಿಟ್ಟುಬಿಟ್ಟೆ. ಸೋಯಾದ ಉಪ್ಪು ಮತ್ತು ಕಾಳಿನ ಮಂದ ರುಚಿ ಬಹಳ ಚೆನ್ನಾಗಿ ಹೊಂದಿಕೊಂಡವು. ಅದರ ಮೇಲೆ ಫರೋಫ ಉದುರಿಸಿಕೊಂಡರೆ ಹಲ್ಲಿಗೆ ಹುರಿದ ರವೆಯಂತೆ ಸಿಗುತ್ತದೆ, ಕ್ಷಣದಲ್ಲೇ ರಸ ಹೀರಿ ಮೆತ್ತಗಾಗುತ್ತದೆ. ಎದುರಿನ ಮೇಜಿನ ಅಜ್ಜಿಯೊಬ್ಬರು ಸ್ಪ್ರಿಂಗ್ ರೋಲನ್ನು ಅನ್ನ ಮತ್ತು ಕಾಳಿನ ನಡುವೆ, ನಾವು ಹಪ್ಪಳ ಇಟ್ಟುಕೊಳ್ಳುವಂತೆ ಇಟ್ಟುಕೊಂಡು ನೆಮ್ಮದಿಯಿಂದ ಉಣ್ಣುತ್ತಿದ್ದರು.

ಕುಡಿಯಲು ಸಹೋದ್ಯೋಗಿ ತರಿಸಿದ ರಸದ ಲೋಟ ಮೂಗಿನ ಹತ್ತಿರ ಬಂದೊಡನೆ ಗುರುತು ಸಿಕ್ಕಿತು: ಗೇರುಹಣ್ಣು. ಕುಮಟಾದ ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಬೀಜ ತಿರುಚಿಕೊಂಡು ಹಣ್ಣನ್ನು ದನಗಳಿಗೆ ಹಾಕುತ್ತಿದ್ದೆವು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದ ಆ ಮರದ ತವರು ಬ್ರೆಜಿಲ್. ಗಂಟಲು ಹಿಡಿಯುವ ಅದೇ ಒಗರು, ಅದೇ ವಾಸನೆ. ಎರಡನೆಯ ಲೋಟ ಕೇಳಲು ಯಾರ ನೆರವೂ ಬೇಕಾಗಲಿಲ್ಲ. ಚೀಟಿ ಮುಂದೆ ಚಾಚಿ ‘ಕಾಜು’ ಎಂದೆ; ಹೋಟೆಲಿನ ಹೆಂಗಸು ತಲೆಯಾಡಿಸಿ ಬರೆದುಕೊಂಡರು.