ಸೈಕಲ್‌ನಲ್ಲಿ ತಲಕಾವೇರಿ: ಮೈಸೂರಿನಿಂದ ಐದು ದಿನದ ದಾರಿ

ಕೊಡಗಿಗೆ ಸೈಕಲ್‌ನಲ್ಲಿ ಹೋಗಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಕಿಲೋಮೀಟರ್? ಮೈಸೂರಿನಿಂದ ಮಡಿಕೇರಿಗೆ ಸುಮಾರು 120. ಆದರೆ ಈ ಲೆಕ್ಕವೊಂದನ್ನೇ ನಂಬಿ ಹೊರಟರೆ ಕುಶಾಲನಗರ ದಾಟಿದ ಮೇಲೆ ಕಾಲು ಕೈಕೊಡುತ್ತದೆ. ನಾನು ಲೆಕ್ಕ ಹಾಕುವುದು ಚಾಮುಂಡಿ ಬೆಟ್ಟದಲ್ಲಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಬೆಟ್ಟದ ತುದಿ 1,060ರ ಆಸುಪಾಸು. ಅಂದರೆ ಒಂದು ಸಲ ಬೆಟ್ಟ ಹತ್ತಿದರೆ ಹೆಚ್ಚುಕಮ್ಮಿ 300 ಮೀಟರ್ ಏರು. ನಮ್ಮೂರಿನ ಸೈಕಲ್‌ನವರ ಕಾಲಿಗೆ ಚೆನ್ನಾಗಿ ಗೊತ್ತಿರುವ ಅಳತೆ ಇದು.

ಈ ಅಳತೆಯಲ್ಲಿ ನೋಡಿ. ಕುಶಾಲನಗರದಿಂದ ಮಡಿಕೇರಿಗೆ ಒಂದು ಚಾಮುಂಡಿ ಬೆಟ್ಟ, ಸುಮಾರು 30 ಕಿಲೋಮೀಟರ್‌ನಲ್ಲಿ ಹರಡಿದೆ. ಭಾಗಮಂಡಲದಿಂದ ತಲಕಾವೇರಿಗೆ ಒಂದು ಬೆಟ್ಟಕ್ಕಿಂತ ಜಾಸ್ತಿ, ಅದೂ ಬರೀ 8 ಕಿಲೋಮೀಟರ್‌ನಲ್ಲಿ. ಇವೆರಡರ ನಡುವೆ ಸಣ್ಣಪುಟ್ಟ ಏರುಗಳು ಲೆಕ್ಕವಿಲ್ಲದಷ್ಟು. ಹಾಗಾಗಿ ಹೊರಡುವ ಮೊದಲು ನೀವು ಒಯ್ಯುವ ಸಾಮಾನನ್ನೆಲ್ಲ ಸೈಕಲ್‌ಗೆ ಕಟ್ಟಿಕೊಂಡು ಚಾಮುಂಡಿ ಬೆಟ್ಟವನ್ನು ಒಂದೇ ಬೆಳಿಗ್ಗೆ ಎರಡು ಸಲ ಹತ್ತಿ. ಎರಡನೇ ಸಲ ಹತ್ತಿ ಇಳಿದ ಮೇಲೂ ತಿಂಡಿ ತಿನ್ನುವ ಆಸೆ ಉಳಿದಿದ್ದರೆ ನೀವು ರೆಡಿ. ಖಾಲಿ ಸೈಕಲ್‌ನಲ್ಲಿ ಹತ್ತಿದ್ದು ಲೆಕ್ಕಕ್ಕಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ನಾನು ಮತ್ತು ನನ್ನ ತಮ್ಮ ಐದು ದಿನದಲ್ಲಿ ಈ ಸುತ್ತು ಮುಗಿಸಿದೆವು. ಹುಣಸೂರು, ಕುಶಾಲನಗರ, ಮಡಿಕೇರಿ, ಭಾಗಮಂಡಲ, ತಲಕಾವೇರಿ, ಅಲ್ಲಿಂದ ನಾಪೋಕ್ಲು, ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ ಮೇಲೆ ವಾಪಸ್ ಹುಣಸೂರು, ಮೈಸೂರು. ಒಟ್ಟು 300 ಕಿಲೋಮೀಟರ್ ದಾಟುತ್ತದೆ. ನಾಲ್ಕೇ ದಿನಕ್ಕೆ ಮುಗಿಸಬಹುದು, ಆದರೆ ಆಗ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಬಂಡೀಪುರದ ಕಡೆ ಯಾಕೆ ಹೋಗಲಿಲ್ಲ ಅಂತ ಕೆಲವರು ಕೇಳಿದರು. ಆ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಬಂದ್ ಇರುವುದು ಎಲ್ಲರಿಗೂ ಗೊತ್ತು. ಹಗಲಲ್ಲಿ ಕೂಡ ಹುಲಿ, ಆನೆ ಓಡಾಡುವ ದಟ್ಟ ಕಾಡಿನ ಮಧ್ಯೆ ಸೈಕಲ್‌ನಲ್ಲಿ ಹೋಗುವುದು ನನಗೆ ಸರಿ ಅನಿಸುವುದಿಲ್ಲ. ಕೊಡಗಿನಲ್ಲಿ ಕಾಡು ಇದೆ, ಜೊತೆಗೆ ಕಾಫಿ ತೋಟ ಇದೆ, ಮನೆ ಇದೆ, ಐದಾರು ಕಿಲೋಮೀಟರ್‌ಗೊಂದು ಟೀ ಅಂಗಡಿಯೂ ಇದೆ. ಮೊದಲ ಸಲದವರಿಗೆ ಇದೇ ವಾಸಿ.

ಹೋಗುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಹೋಗಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳೇ ಜಾರಿ ಊರುಗಳು ಹಾಳಾದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಭೂಕುಸಿತವಾಗಿ ಜನ ಸತ್ತರು. ಮಳೆಗಾಲದ ಕೊಡಗು ಫೋಟೋದಲ್ಲಿ ಚೆಂದ. ಆದರೆ ಮಣ್ಣು ಜಾರುವ ಜಾಗದಲ್ಲಿ ಎರಡು ಚಕ್ರದ ಮೇಲೆ ಇರಬಾರದು. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಯಲ್ಲಿ ತುಂಬಾ ಜನ ಸೇರುತ್ತಾರೆ. ಆ ವಾರವೂ ಬೇಡ.

ಮೊದಲ ದಿನ ಕುಶಾಲನಗರದವರೆಗೆ ಹೆಚ್ಚುಕಮ್ಮಿ 87 ಕಿಲೋಮೀಟರ್. ಬೆಳಿಗ್ಗೆ 6ಕ್ಕೆ ಹಿನಕಲ್ ದಾಟಿದರೆ ಬಿಳಿಕೆರೆಯಲ್ಲಿ ತಿಂಡಿ, ಬಿಸಿಲೇರುವ ಮೊದಲು ಹುಣಸೂರು. ಆಮೇಲೆ ಪಿರಿಯಾಪಟ್ಟಣದವರೆಗೆ ದಾರಿಯುದ್ದಕ್ಕೂ ತಂಬಾಕು ಹದ ಮಾಡುವ ಬ್ಯಾರನ್ ಮನೆಗಳು. ರಸ್ತೆಯಲ್ಲಿ ದೊಡ್ಡ ಏರಿಲ್ಲ. ತೊಂದರೆ ಇರುವುದು ಗಾಡಿಗಳದ್ದು. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿವರೆಗೆ ಈ ಹೆದ್ದಾರಿಯಲ್ಲಿ ಕಾರುಗಳು ಒಂದರ ಹಿಂದೆ ಒಂದು. ಸೋಮವಾರ ಹೊರಡಿ. ಹ್ಯಾಂಡಲ್‌ಗೆ ಒಂದು ಕನ್ನಡಿ ಹಾಕಿಸಿಕೊಳ್ಳಿ, ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರಿಯುತ್ತಿರಲಿ. ಬೈಲುಕುಪ್ಪೆಯ ಟಿಬೆಟನ್ ಕ್ಯಾಂಪ್ ದಾರಿಯಲ್ಲೇ ಸಿಗುತ್ತದೆ. ಹೊಟ್ಟೆಗೆ ಬಿಸಿ ತುಕ್ಪಾ (ಟಿಬೆಟನ್ ನೂಡಲ್ ಸೂಪ್) ಬಿದ್ದರೆ ಉಳಿದ ಐದಾರು ಕಿಲೋಮೀಟರ್ ಗೊತ್ತೇ ಆಗುವುದಿಲ್ಲ. ಕೊಪ್ಪದ ಸೇತುವೆಯಲ್ಲಿ ಕಾವೇರಿ ದಾಟಿದರೆ ಕೊಡಗು.

ಎರಡನೇ ದಿನ ಬೇಕಂತಲೇ ಚಿಕ್ಕದು ಮಾಡಿಕೊಂಡೆವು, ಬರೀ ಮಡಿಕೇರಿವರೆಗೆ. ಗುಡ್ಡೆಹೊಸೂರು ಕಳೆದ ಮೇಲೆ ಆನೆಕಾಡು ಬರುತ್ತದೆ. ಹೆಸರೇ ಹೇಳುತ್ತದೆ ಅಲ್ವಾ? ಬೆಳಿಗ್ಗೆ 8ರ ಮೊದಲು ಅಲ್ಲಿಗೆ ಕಾಲಿಡಬೇಡಿ. ಕುಶಾಲನಗರದ ಬಸ್ ಸ್ಟ್ಯಾಂಡ್‌ನಲ್ಲಿ ಮಡಿಕೇರಿಯಿಂದ ಬಂದ ಬಸ್ಸಿನ ಡ್ರೈವರ್ ಹತ್ತಿರ ಒಂದು ಮಾತು ಕೇಳಿ: "ಅಣ್ಣ, ದಾರೀಲಿ ಆನೆ ಇದ್ಯಾ?" ಅವರಿಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ. ಸುಂಟಿಕೊಪ್ಪದಿಂದ ಮುಂದೆ ನಿಜವಾದ ಏರು ಶುರು. ತಿರುವುಗಳಲ್ಲಿ ಒಳಗಿನ ಅಂಚು ತುಂಬಾ ಕಡಿದು. ಸ್ವಲ್ಪ ಹೊರಗಿನಿಂದ ಹತ್ತಿದರೆ ಉಸಿರು ಉಳಿಯುತ್ತದೆ, ಆದರೆ ಹಿಂದೆ ಗಾಡಿ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡೇ ಹೊರಕ್ಕೆ ಬನ್ನಿ. ಮಧ್ಯಾಹ್ನ 1ಕ್ಕೆ ಮಡಿಕೇರಿ ಮುಟ್ಟಿ, ಊಟ ಮಾಡಿ, ಸಂಜೆವರೆಗೆ ಮಲಗಿದೆವು. ಆ ನಿದ್ದೆಯಿಂದಲೇ ಮೂರನೇ ದಿನ ಗೆದ್ದೆವು.

ಮೂರನೇ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಡಿಕೇರಿಯಿಂದ ಭಾಗಮಂಡಲ ಸುಮಾರು 38 ಕಿಲೋಮೀಟರ್. ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ ಮೇಲೆ ಹೋಗುತ್ತದೆ. ಇಳಿಜಾರು ಜಾಸ್ತಿ ಅಂತ ಕೇಳಿ ಖುಷಿಪಡಬೇಡಿ, ಒಂದು ಇಳಿತ ಸಿಕ್ಕರೆ ಅದರ ಹಿಂದೆಯೇ ಒಂದು ಏರು ಕಾದಿರುತ್ತದೆ. ಆದರೆ ಇಡೀ ಪ್ರವಾಸದಲ್ಲಿ ಇಷ್ಟು ಚೆಂದದ ರಸ್ತೆ ಇನ್ನೊಂದಿಲ್ಲ. ಎರಡೂ ಕಡೆ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕೆಳಗೆ ಹಣ್ಣಾದ ಕಾಫಿ. ಅಂಗಳದಲ್ಲಿ ಒಣಗಲು ಹಾಕಿದ ಕಾಫಿ ಹಣ್ಣಿನ ಹುಳಿ ವಾಸನೆ ರಸ್ತೆವರೆಗೂ ಬರುತ್ತಿತ್ತು. ಚೇರಂಬಾಣೆಯ ಟೀ ಅಂಗಡಿಯ ಅಜ್ಜಿ ನಮ್ಮ ಬಾಟಲಿಗಳನ್ನು ತಾವೇ ಇಸಿದುಕೊಂಡು ಬಿಸಿನೀರು ತುಂಬಿಕೊಟ್ಟರು. "ಮೈಸೂರಿಂದ ತುಳ್ಕೊಂಡೇ ಬಂದ್ರಾ? ಇನ್ನು ಮೇಲೆ ಹೋಗೋಕೆ ಬೆಲ್ಲ ಇಟ್ಕೊಳ್ಳಿ" ಅಂತ ಎರಡು ಅಚ್ಚು ಬೆಲ್ಲ ಕೊಟ್ಟರು. ದುಡ್ಡು ಮುಟ್ಟಲಿಲ್ಲ.

ಭಾಗಮಂಡಲದಲ್ಲಿ ರೂಮು ಹಿಡಿದು ಬ್ಯಾಗ್‌ಗಳನ್ನೆಲ್ಲ ಅಲ್ಲೇ ಬಿಡಿ. ತಲಕಾವೇರಿಗೆ ಖಾಲಿ ಸೈಕಲ್‌ನಲ್ಲೇ ಹತ್ತಿ. ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ನನ್ನ ಸೈಕಲ್‌ಗೆ ಮುಂದೆ, ಪೆಡಲ್ ಹತ್ತಿರದ ಚಿಕ್ಕ ಚೈನ್‌ರಿಂಗ್ (ಹಲ್ಲುಚಕ್ರ) 30 ಹಲ್ಲು, ಹಿಂದಿನ ಚಕ್ರದಲ್ಲಿ ದೊಡ್ಡದು 34. ಅದರಲ್ಲೂ ಎರಡು ಕಡೆ ಇಳಿದು ತಳ್ಳಿದೆ. ನಿಮ್ಮ ಮುಂದಿನ ಚಿಕ್ಕ ಚೈನ್‌ರಿಂಗೇ 34 ಹಲ್ಲಿಗಿಂತ ದೊಡ್ಡದಿದ್ದರೆ ಈ ದಾರಿಗೆ ಬದಲಾಯಿಸಿಕೊಂಡು ಬನ್ನಿ. ತಳ್ಳುವುದರಲ್ಲಿ ಅವಮಾನ ಏನಿಲ್ಲ, ಮೊಣಕಾಲು ಹೋದರೆ ಪ್ರವಾಸವೇ ಮುಗಿಯಿತು. ದೇವಸ್ಥಾನದೊಳಗೆ ಹೋಗಲು ಉದ್ದದ ಪ್ಯಾಂಟ್ ಅಥವಾ ಪಂಚೆ ಒಂದು ಜೊತೆಯಲ್ಲಿರಲಿ. ಕಾವೇರಿ ಹುಟ್ಟುವ ಪುಟ್ಟ ಕೊಳ, ಕುಂಡಿಕೆಯ ಮುಂದೆ ನಿಂತಾಗ ತಮ್ಮ ಮೆಲ್ಲಗೆ ಅಂದ, "ಅಕ್ಕಾ, ನಮ್ಮನೆ ನಲ್ಲೀಲಿ ಬರೋದೂ ಇದೇ ನೀರಲ್ವಾ." ಹೌದು, ಕೆ.ಆರ್.ಎಸ್. ಮೂಲಕ ಮೈಸೂರಿಗೆ ಬರುವುದು ಇದೇ ಕಾವೇರಿ. ಮೂರು ದಿನ ತುಳಿದು ಬಂದು ನೋಡಿದಾಗ ಆ ಪುಟ್ಟ ಕುಂಡಿಕೆಯ ಮುಂದೆ ನನ್ನ ಕಣ್ಣು ತುಂಬಿತು.

ಇಳಿಯುವಾಗ ಆದದ್ದನ್ನು ಹೇಳಲೇಬೇಕು. ಎರಡನೇ ತಿರುವಿನಲ್ಲಿ ಹಿಂದಿನ ಬ್ರೇಕ್‌ನಿಂದ ಕರ್ ಅಂತ ಸದ್ದು ಬಂತು. ನಿಲ್ಲಿಸಿ ನೋಡಿದರೆ ರಬ್ಬರ್ ಪೂರ್ತಿ ಸವೆದು, ಒಳಗಿನ ಲೋಹ ರಿಮ್ಮನ್ನು ಕೆರೆಯುತ್ತಿತ್ತು. ರಿಮ್ಮಿನ ಮೇಲೆ ಬೆಳ್ಳಗೆ ಗೆರೆ ಬಿದ್ದಿತ್ತು, ಅಂಚಲ್ಲಿ ಅಲ್ಯುಮಿನಿಯಂ ಪುಡಿ. ಬೆರಳಿಟ್ಟರೆ ಸುಡುತ್ತಿತ್ತು. ಹೊರಡುವ ಮೊದಲು ಸರ್ವೀಸ್‌ಗೆ ಕೊಟ್ಟ ಅಂಗಡಿಯಲ್ಲಿ ಹೊಸ ಪ್ಯಾಡ್ ಹಾಕಿದ್ದೇವೆ ಅಂದಿದ್ದರು, ಬಿಲ್ಲೂ ಹಾಕಿದ್ದರು. ಮುಂದಿನದು ಮಾತ್ರ ಬದಲಾಗಿತ್ತು. ನನ್ನ ಹತ್ತಿರ ಒಂದು ಜೊತೆ ಪ್ಯಾಡ್ ಇದ್ದದ್ದಕ್ಕೆ ರಸ್ತೆ ಬದಿಯಲ್ಲೇ ಅಲೆನ್ ಕೀ ತೆಗೆದು ಕಾಲು ಗಂಟೆಯಲ್ಲಿ ಹಾಕಿಕೊಂಡೆವು. ಅಷ್ಟರಲ್ಲಿ ರಿಮ್ಮೂ ತಣ್ಣಗಾಯಿತು. ಆದ್ದರಿಂದ ಎರಡು ಮಾತು. ಸರ್ವೀಸ್ ಆದ ಸೈಕಲ್ಲನ್ನು ಮನೆಗೆ ತಂದು ನಾಲ್ಕೂ ಪ್ಯಾಡ್ ಬಗ್ಗಿ ನೋಡಿ. ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ, ರಿಮ್ ಆರಲಿ.

ಬೇರೆ ಸಾಮಾನು: ಎರಡು ಟ್ಯೂಬ್, ಪಂಪ್, ಪ್ಯಾಚ್, ಚೈನ್ ಲಿಂಕ್, ಓ.ಆರ್.ಎಸ್. ಪ್ಯಾಕೆಟ್, ಕಡ್ಲೆಮಿಠಾಯಿ, ತೆಳ್ಳನೆ ರೇನ್‌ಕೋಟ್. ನಿಮ್ಮದು ಸಣ್ಣ ತಲೆಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಊರ ಪಂಕ್ಚರ್ ಅಂಗಡಿಯ ಗಾಳಿ ಪೈಪ್ ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ತಗೊಂಡಿರಿ. ಭಾಗಮಂಡಲದ ಕಡೆ ನಮ್ಮ ಫೋನ್‌ಗಳಿಗೆ ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ಒಂದು ಮಾತು: ಶೌಚಾಲಯಕ್ಕೆ ಪೆಟ್ರೋಲ್ ಬಂಕ್ ಮತ್ತು ಬಸ್ ಸ್ಟ್ಯಾಂಡ್ ನಂಬಬಹುದು. ನಡುವೆ ತೋಟದ ಮನೆಗಳಲ್ಲಿ ಕೇಳಿದಾಗ ಯಾರೂ ಇಲ್ಲ ಅನ್ನಲಿಲ್ಲ. ನೀರು ಕಮ್ಮಿ ಕುಡಿದು ತುಳಿಯಬೇಡಿ.

ನಾಲ್ಕನೇ ದಿನ ನಾಪೋಕ್ಲು, ವಿರಾಜಪೇಟೆ ದಾಟಿ ಗೋಣಿಕೊಪ್ಪ. ಗದ್ದೆ ಬಯಲು, ಸಣ್ಣ ಏರುಗಳು, ಸುಖವಾದ ದಿನ. ಗೋಣಿಕೊಪ್ಪದಲ್ಲಿ ಉಳಿದುಕೊಂಡು ಅಕ್ಕಿ ರೊಟ್ಟಿ ತಿನ್ನಿ.

ಐದನೇ ದಿನ ತಿತಿಮತಿ ಆದ ಮೇಲೆ ರಸ್ತೆ ನಾಗರಹೊಳೆಯ ಕಾಡಿನೊಳಗೆ ಹೋಗುತ್ತದೆ, ಆನೆಚೌಕೂರು ಇರುವುದು ಇಲ್ಲೇ. ಚೆಕ್‌ಪೋಸ್ಟ್‌ನಲ್ಲಿದ್ದ ವಾಚರ್ ನಮ್ಮ ಸೈಕಲ್ ನೋಡಿದ ಕೂಡಲೇ ಎದ್ದು ಬಂದರು. "ಮೇಡಂ, ಬೆಳಿಗ್ಗೆ ಮರಿ ಆನೆ ಇರೋ ಗುಂಪು ದಾಟಿದೆ. ಬಸ್ಸಾದ್ರೆ ಆನೆ ಸುಮ್ನೆ ನೋಡುತ್ತೆ. ಸೈಕಲ್ ಸದ್ದೇ ಮಾಡಲ್ಲ, ಹತ್ತಿರ ಹೋದ್ಮೇಲೆ ಅದೂ ಗಾಬರಿ, ನೀವೂ ಗಾಬರಿ." ಈ ಮಾತು ನನ್ನ ಮನಸ್ಸಿಗೆ ನಾಟಿತು. ಅವರೇ ಖಾಲಿ ಹೋಗುತ್ತಿದ್ದ ಒಂದು ಪಿಕಪ್ ನಿಲ್ಲಿಸಿ ಸೈಕಲ್ ಹತ್ತಿಸಿಕೊಟ್ಟರು. ಕಾಡು ದಾಟಿ ಇಳಿದೆವು. ನೀವೂ ಈ ಭಾಗವನ್ನು ಗಾಡಿಯಲ್ಲೇ ದಾಟಿ, ಮೊದಲೇ ಗೋಣಿಕೊಪ್ಪದಲ್ಲಿ ಒಂದು ಪಿಕಪ್ ಮಾತಾಡಿಕೊಳ್ಳಿ. ಕೊಡಗಿನಲ್ಲಿ ರೈಲು ಇಲ್ಲ. ಸುಸ್ತಾದರೂ, ಸೈಕಲ್ ಕೆಟ್ಟರೂ ಪಿಕಪ್ ಇಲ್ಲವೇ ಬಸ್ಸೇ ಗತಿ. ಅದಕ್ಕೊಂದಿಷ್ಟು ದುಡ್ಡು ಬೇರೆಯಾಗಿ ಎತ್ತಿಡಿ.

ಹುಣಸೂರಿನಿಂದ ಮೈಸೂರಿಗೆ 45 ಕಿಲೋಮೀಟರ್, ದಾರಿ ಸಲೀಸು. ಮಧ್ಯಾಹ್ನ 2ರ ಒಳಗೆ ಹುಣಸೂರು ಬಿಟ್ಟರೆ ಇಲವಾಲದ ಹೊತ್ತಿಗೆ ಇನ್ನೂ ಬೆಳಕಿರುತ್ತದೆ. ಹುಣಸೂರಲ್ಲೇ 4 ಗಂಟೆ ಆಗಿಹೋದರೆ ಅಲ್ಲಿಯೇ ಉಳಿದು ಬೆಳಿಗ್ಗೆ ಹೊರಡಿ. ಹಿನಕಲ್ ಜಂಕ್ಷನ್‌ನ ಸಂಜೆ ಟ್ರಾಫಿಕ್‌ಗೆ ಐದು ದಿನ ದಣಿದ ಕಾಲು ತರುವುದು ಬೇಡ.