ಡೆರೇನ್‌ನ ಬಂದರಿನಲ್ಲಿ ಮಂಜೇ ಇಲ್ಲ

ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ ಬೆಳೆದವರು ನಾವು ಮೈಸೂರಿನವರು. ಹಲ್ದಣ್‌ಕರ್ ಬರೆದ ಆ ಜಲವರ್ಣದ ಮುಂದೆ ನಿಂತು ‘ಅಬ್ಬಾ, ನಿಜವಾದ ಬೆಳಕಿನ ಹಾಗೇ ಇದೆ’ ಅನ್ನದವರು ಕಡಿಮೆ. ಹಾಗಾಗಿ ಫ್ರೆಂಚ್ ಚಿತ್ರಕಾರ ಆಂಡ್ರೆ ಡೆರೇನ್‌ನ ‘ದಿ ಪೂಲ್ ಆಫ್ ಲಂಡನ್’ ತೋರಿಸಿದರೆ ನಮ್ಮ ಕಡೆ ಜನ ಮುಖ ಸಿಂಡರಿಸುವುದು ಸಹಜ. ಹಡಗು ಕೆಂಪು, ನೀರು ಹಸಿರು, ಸೇತುವೆ ನೀಲಿ. ಏನಿದು ಅಂತ.

ನನಗೆ ಮಾತ್ರ ಇದು ಸುಳ್ಳು ಚಿತ್ರ ಅಂತ ಒಂದು ಸಲವೂ ಅನ್ನಿಸಿಲ್ಲ.

ಕಥೆ ಹೀಗಿದೆ. ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಮೊನೆ ಬರೆದ ಲಂಡನ್ ಚಿತ್ರಗಳು 1904ರಲ್ಲಿ ಪ್ಯಾರಿಸ್‌ನಲ್ಲಿ ಪ್ರದರ್ಶನಗೊಂಡು ಭಾರೀ ಹೆಸರು ಮಾಡಿದವು. ಎಲ್ಲ ಮಂಜು, ಹೊಗೆ, ಮಸುಕು. ಅದನ್ನು ನೋಡಿದ ವೊಲಾರ್ ಎಂಬ ಚಿತ್ರ ವ್ಯಾಪಾರಿ ‘ನೀನೂ ಹೋಗಿ ಬರೆದುಕೊಂಡು ಬಾ’ ಅಂತ 1906ರಲ್ಲಿ ಡೆರೇನ್‌ನನ್ನು ಲಂಡನ್‌ಗೆ ಕಳಿಸಿದ. ವ್ಯಾಪಾರದ ಲೆಕ್ಕಾಚಾರ, ಇನ್ನೇನಿಲ್ಲ. ಹುಡುಗನಿಗೆ ಆಗ ಇಪ್ಪತ್ತೈದರ ಆಸುಪಾಸು. ಅವನು ಲಂಡನ್ ಬ್ರಿಡ್ಜ್ ಮೇಲಿಂದ ಟವರ್ ಬ್ರಿಡ್ಜ್ ಕಡೆ ನೋಡಿ ಥೇಮ್ಸ್ ನದಿಯ ಬಂದರನ್ನು ಬರೆದ, ಆದರೆ ಮೊನೆಯ ಮಂಜನ್ನು ಪೂರ್ತಿ ಒರೆಸಿ ಹಾಕಿಬಿಟ್ಟ.

ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದುವ ಅಕ್ಕನ ಮಗಳಿಗೆ ಟೇಟ್ ಗ್ಯಾಲರಿಯ ವೆಬ್‌ಸೈಟ್‌ನಲ್ಲಿ ಇದನ್ನು ತೋರಿಸಿದೆ. ‘ಮಾವ, ಇದರಲ್ಲಿ ನೆರಳು ಎಲ್ಲಿದೆ ತೋರಿಸಿ ನೋಡೋಣ’ ಅಂದಳು. ಸರಿಯಾದ ಜಾಗಕ್ಕೇ ಕೈ ಹಾಕಿದಳು ನೋಡಿ! ಲಂಡನ್‌ಗೆ ಹೋಗುವ ಹಿಂದಿನ ವರ್ಷ, 1905ರಲ್ಲಿ, ಚಿತ್ರಕಾರ ಮತೀಸ್ ಜೊತೆ ಕೊಲಿಯೂರ್ ಎಂಬ ಮೀನುಗಾರರ ಊರಲ್ಲಿದ್ದಾಗಲೇ ಡೆರೇನ್ ಗೆಳೆಯ ವ್ಲಾಮಿಂಕ್‌ಗೆ ಇದರ ಬಗ್ಗೆ ಕಾಗದ ಬರೆದಿದ್ದ. ನೆರಳು ಅಂದರೆ ಕತ್ತಲೆ ಅಲ್ಲ, ಅದಕ್ಕೂ ಅದರದೇ ಬೆಳಕಿದೆ ಅನ್ನುವ ಅರ್ಥದಲ್ಲಿ. ಅದಕ್ಕೇ ಇಲ್ಲಿ ದೂರ ಹತ್ತಿರ ಅನ್ನುವುದೆಲ್ಲ ಬಣ್ಣದಿಂದಲೇ ಗೊತ್ತಾಗುತ್ತದೆ. ಕೆಂಪು ಹಡಗು ನಮ್ಮ ಮುಖದ ಮುಂದಕ್ಕೇ ನುಗ್ಗುತ್ತದೆ, ನೀಲಿ ಸೇತುವೆ ಹಿಂದೆ ಸರಿಯುತ್ತದೆ.

ಇನ್ನೊಂದು ವಿಷಯ. ಇದು ತಿರುಗಾಡಲು ಹೋಗುವ ಚಂದದ ಕಡಲತೀರ ಅಲ್ಲ, ಕೆಲಸದ ಜಾಗ. ಬಂಡಿಪಾಳ್ಯದ ಎಪಿಎಂಸಿ ಯಾರ್ಡ್‌ನಲ್ಲಿ ಬೆಳಗ್ಗೆ ಲಾರಿ ಇಳಿಸುವಾಗಿನ ಗಡಿಬಿಡಿ ಇದೆಯಲ್ಲ, ಅಂಥದ್ದೇ ಗಡಿಬಿಡಿ, ಒಂದು ಕಡೆ ಹಡಗು, ಪಕ್ಕದಲ್ಲಿ ದೋಣಿ, ಮಧ್ಯೆ ಚುಕ್ಕೆಗಳ ಹಾಗೆ ಜನ. ಬೂದು ಬಣ್ಣ ಬಳಿದು ‘ಅಯ್ಯೋ ಪಾಪ’ ಅನ್ನಿಸುವುದು ಸುಲಭವಿತ್ತು. ಅವನು ಹಾಗೆ ಮಾಡಲಿಲ್ಲ, ನನಗೆ ಜಾಸ್ತಿ ಇಷ್ಟ ಆಗಿದ್ದು ಅದೇ.

ಬ್ರಾಕ್ ಎಂಬ ಚಿತ್ರಕಾರ ಕೂಡ ಅದೇ 1906ರಲ್ಲಿ ಆಂಟ್‌ವರ್ಪ್ ಬಂದರನ್ನು ಇಂಥದ್ದೇ ಬಣ್ಣಗಳಲ್ಲಿ ಬರೆದ. ಎರಡು ವರ್ಷ ಕಳೆಯುವಷ್ಟರಲ್ಲಿ ಕಂದು ಪೆಟ್ಟಿಗೆಗಳಂಥ ಮನೆಗಳ ಕಡೆ ಹೊರಟುಹೋದ. ಆಕಾರಗಳನ್ನೆಲ್ಲ ಹೀಗೆ ಪೆಟ್ಟಿಗೆಗಳ ಹಾಗೆ ಒಡೆದು ಬರೆಯುವ ಕ್ಯೂಬಿಸಂ ದೊಡ್ಡದು, ಒಪ್ಪಿದೆ. ಆದರೂ ಆ ಬಂದರನ್ನು ಇನ್ನೊಂದಿಷ್ಟು ದಿನ ಬರೆಯಬಹುದಿತ್ತು ಅಲ್ವಾ? ಅಕ್ಕನ ಮಗಳು ಇದನ್ನು ಮಾತ್ರ ಸುತರಾಂ ಒಪ್ಪುವುದಿಲ್ಲ.