ಮಗು ತಿಂಗಳು ತುಂಬುವುದರೊಳಗೆ

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ತೂಕ, ಉಸಿರಾಟ, ಹಾಲು ಕುಡಿಯುವ ಶಕ್ತಿ ಇವುಗಳ ಬಗ್ಗೆ ಮನೆಯವರು ಹಗಲಿರುಳು ಆತಂಕಪಡುತ್ತಾರೆ. ಕಣ್ಣಿನ ಬಗ್ಗೆ ಯೋಚಿಸುವವರು ಕಡಿಮೆ. ನನ್ನ ತಂಗಿಯ ಮಗಳು 31ನೆಯ ವಾರದಲ್ಲಿ 1,400 ಗ್ರಾಂ ತೂಕದ ಕೂಸಾಗಿ ಹುಟ್ಟಿದಾಗ ನಾವೂ ಹಾಗೆಯೇ ಇದ್ದೆವು. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ‘ಕಣ್ಣಿನ ತಪಾಸಣೆ’ ಎಂದಷ್ಟೇ ಬರೆದಿತ್ತು. ಎಲ್ಲಿ, ಯಾವಾಗ ಎಂಬುದಿರಲಿಲ್ಲ. ವಾರ್ಡಿನ ಹಿರಿಯ ನರ್ಸ್ ಒಬ್ಬರು ತಂಗಿಯನ್ನು ಹತ್ತಿರ ಕರೆದು, “ಮಗುವಿಗೆ ತಿಂಗಳು ತುಂಬುವುದರೊಳಗೆ ಕಣ್ಣು ತೋರಿಸಲೇಬೇಕಮ್ಮಾ, ಬಾಣಂತನ ಮುಗಿಯಲಿ ಅಂತ ಕಾಯಬೇಡ” ಎಂದು ಒತ್ತಿ ಹೇಳಿದ್ದರಿಂದಲೇ ನಾವು ಎಚ್ಚೆತ್ತೆವು.

ಗರ್ಭದಲ್ಲಿ ರೆಟಿನಾದ, ಅಂದರೆ ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪದರದ, ರಕ್ತನಾಳಗಳು ಕಣ್ಣಿನ ಹಿಂಭಾಗದಿಂದ ಅಂಚಿನತ್ತ ನಿಧಾನವಾಗಿ ಬೆಳೆಯುತ್ತಾ, ದಿನ ತುಂಬುವ ಹೊತ್ತಿಗೆ ಅಂಚನ್ನು ತಲುಪುತ್ತವೆ. ಬೇಗ ಹುಟ್ಟಿದ ಮಗುವಿನಲ್ಲಿ ಈ ಬೆಳವಣಿಗೆ ಅರ್ಧಕ್ಕೇ ನಿಂತು, ಆಮೇಲೆ ದಾರಿ ತಪ್ಪಿದ ಹೊಸ ನಾಳಗಳು ಹುಟ್ಟಿಕೊಂಡು, ಕೊನೆಗೆ ರೆಟಿನಾವನ್ನೇ ಎಳೆದು ಕಳಚಬಹುದು. ಇದನ್ನು ವೈದ್ಯರು ಆರ್‌ಓಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ) ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಆರಂಭದಲ್ಲಿ ಏನೂ ಕಾಣುವುದಿಲ್ಲ. ನಮ್ಮ ದೇಶದಲ್ಲಿ 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಎಲ್ಲ ಮಕ್ಕಳಿಗೂ ನಾಲ್ಕು ವಾರದೊಳಗೆ, ತೀರಾ ಚಿಕ್ಕ ಕೂಸುಗಳಿಗೆ ಇನ್ನೂ ಮೊದಲೇ ತಪಾಸಣೆ ಆಗಬೇಕು. ಚಿಕಿತ್ಸೆ ಬೇಕೆಂದು ಕಂಡರೆ ಎರಡು ಮೂರು ದಿನಗಳಲ್ಲೇ ಲೇಸರ್ ನಡೆಯಬೇಕು. ಆದರೆ ಈ ರೋಗವನ್ನು ಗುರುತಿಸಬಲ್ಲ ತಜ್ಞರು ಇರುವುದು ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿ.

ಈ ದೂರವನ್ನು ದಾಟಲು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿಣೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ‘ಕಿಡ್ರಾಪ್’ ಎಂಬ ಯೋಜನೆ ಆರಂಭವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ತಾವೇ ಹೋಗುತ್ತಾರೆ. ಪಾಪೆ ಅಗಲವಾಗಲು ಹನಿ ಹಾಕಿ, ರೆಟಿನಾದ ವಿಸ್ತಾರವಾದ ಚಿತ್ರಗಳನ್ನು ತೆಗೆಯುತ್ತಾರೆ. ದೂರದ ತಜ್ಞರು ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿಯೋ ಫೋನಿನಲ್ಲಿಯೋ ನೋಡಿ ತೀರ್ಮಾನ ತಿಳಿಸುತ್ತಾರೆ. ಮೂರನೆಯ ತಲೆಮಾರಿನ ಮೊಬೈಲ್ ಜಾಲವೂ ನಮ್ಮ ಜಿಲ್ಲೆಗಳನ್ನು ಮುಟ್ಟಿರದ ಕಾಲದಲ್ಲಿ ಇದಕ್ಕೆ ಕೈಹಾಕಿದ್ದರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಗೌರವ ಉಕ್ಕುತ್ತದೆ.

ಚಿತ್ರ ದೂರಕ್ಕೆ ಹೋಗುವುದನ್ನೇ ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಹೆಜ್ಜೆಯೆಂದರೆ, ವೈದ್ಯರಲ್ಲದ ತಂತ್ರಜ್ಞರಿಗೆ ಚಿತ್ರ ತೆಗೆಯುವುದನ್ನು ಮಾತ್ರವಲ್ಲದೆ ಅದನ್ನು ಮೊದಲ ಸುತ್ತಿನಲ್ಲಿ ಓದುವುದನ್ನೂ ಕಲಿಸಿದ್ದು. ಚಿಕಿತ್ಸೆ ಬೇಕಾದವರಿಗೆ ಕೆಂಪು, ಮತ್ತೆ ನೋಡಬೇಕಾದವರಿಗೆ ಕಿತ್ತಳೆ, ಅಪಾಯವಿಲ್ಲದವರಿಗೆ ಹಸಿರು ಎಂದು ಅವರು ವಿಂಗಡಿಸುತ್ತಾರೆ. ಇನ್ನೊಂದು ಲಾಭವೂ ಇದೆ. ಹಿಂದೆ ವೈದ್ಯರು ಕಂಡದ್ದನ್ನು ಕೈಯಿಂದ ಬಿಡಿಸಿಡುತ್ತಿದ್ದರು. ಈಗ ಹೋದ ವಾರದ ಚಿತ್ರವನ್ನೂ ಈ ವಾರದ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ತಾಯಿಗೂ ತೋರಿಸಬಹುದು. ನಮ್ಮ ಮಗುವಿನ ತಪಾಸಣೆಯೂ ಇಂಥ ಕ್ಯಾಮೆರಾದಲ್ಲೇ ನಡೆಯಿತು. ಪರದೆಯ ಮೇಲೆ ಕೆಂಪು ನಾಳಗಳು ಎಲ್ಲಿಯವರೆಗೆ ಬಂದಿವೆ, ಎಲ್ಲಿಂದಾಚೆಗೆ ಖಾಲಿಯಿದೆ ಎಂಬುದನ್ನು ಕಣ್ಣಾರೆ ಕಂಡ ನನ್ನ ತಂಗಿ, ಮುಂದಿನ ತಪಾಸಣೆಗೆ ಯಾರೂ ನೆನಪಿಸುವ ಮೊದಲೇ ಹೊರಟು ನಿಂತಿದ್ದಳು.

ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇರುವುದು ಈ ಮುಂದಿನ ತಪಾಸಣೆಯಲ್ಲಿ. ಕಿತ್ತಳೆ ಗುರುತಿನ ಮಗು ಒಂದೆರಡು ವಾರದಲ್ಲಿ ಮತ್ತೆ ಬರಬೇಕು. ಅಷ್ಟರಲ್ಲಿ ಬಾಣಂತಿ ತವರಿಗೆ ಹೋಗಿರುತ್ತಾಳೆ, ದಾಖಲೆಯಲ್ಲಿ ಬರೆಸಿದ ನಂಬರಿನ ಫೋನು ಕೂಲಿಗೆ ಹೋದ ಗಂಡನ ಜೇಬಿನಲ್ಲಿರುತ್ತದೆ. ಎಷ್ಟು ಒಳ್ಳೆಯ ಕ್ಯಾಮೆರಾ ಇದ್ದರೂ ಆ ಕರೆ ತಲುಪದಿದ್ದರೆ ಮಗು ಕೈತಪ್ಪಿದಂತೆಯೇ. ಆದ್ದರಿಂದ ನೋಂದಣಿಯ ದಿನವೇ ತವರಿನ ಒಂದು ನಂಬರನ್ನೂ ಆ ಊರಿನ ಆಶಾ ಕಾರ್ಯಕರ್ತೆಯ ನಂಬರನ್ನೂ ಕಡ್ಡಾಯವಾಗಿ ಬರೆಸಿಕೊಳ್ಳಬೇಕೆಂದು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ನಮ್ಮ ಮಗುವಿನ ಹೆಸರಿನ ಮುಂದೆ ನಾವು ಮೂರು ನಂಬರುಗಳನ್ನು ಬರೆಸಿದ್ದೆವು, ಮೂರನೆಯದು ನನ್ನದು.